ಲಕ್ನೋದಲ್ಲಿ ಒಂದು ದಿನ, ಮೈಸೂರಿನ ಲೆಕ್ಕ

ನಮ್ಮ ಕಡೆಯವರು ಉತ್ತರಕ್ಕೆ ಬಂದರೆ ನೋಡುವ ಊರುಗಳ ಪಟ್ಟಿ ಹೆಚ್ಚುಕಮ್ಮಿ ಒಂದೇ. ದೆಹಲಿ, ಆಗ್ರಾ, ಮಥುರಾ, ಹರಿದ್ವಾರ, ಕಾಶಿ, ಪ್ರಯಾಗ, ಈಚೆಗೆ ಅಯೋಧ್ಯೆ. ದೆಹಲಿಯಲ್ಲಿ ಮೂವತ್ತು ವರ್ಷಗಳಿಂದ ಇರುವ ನನಗೆ ಈ ಪಟ್ಟಿ ಬಾಯಿಪಾಠ. ಊರಿಂದ ಬಂದ ನೆಂಟರಿಗೆ ಕುತುಬ್ ಮಿನಾರನ್ನು ಎಷ್ಟು ಸಲ ತೋರಿಸಿದ್ದೀನೋ ಲೆಕ್ಕ ಇಟ್ಟಿಲ್ಲ. ಅಯೋಧ್ಯೆಗೆ ಹೋಗುವವರೆಲ್ಲ ಲಕ್ನೋ ಮೇಲೇ ಹಾದುಹೋಗುತ್ತಾರೆ. ಆದರೆ ಇಳಿಯುವವರು ಕಡಿಮೆ. 'ಅಲ್ಲೇನಿದೆ ನೋಡೋಕೆ? ನವಾಬರು, ಕಬಾಬು' ಅಂತ ಕೇಳುತ್ತಾರೆ. ಅಲ್ಲಿ ನಮ್ಮ ಮೈಸೂರಿನ ಚರಿತ್ರೆಯ ಅರ್ಧ ಲೆಕ್ಕ ಇದೆ ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಅದನ್ನು ಹೇಳುವುದಕ್ಕೇ ಈ ಬರಹ.

ನಾನು ಚರಿತ್ರೆ ಓದಿದವನಲ್ಲ, ಕಾಮರ್ಸ್ ಓದಿದವನು. ಎಂಕಾಂ ಮುಗಿಸಿ ಮೈಸೂರು ಬ್ಯಾಂಕಿಗೆ ಸೇರಿದೆ. ವರ್ಗವಾಗಿ ದೆಹಲಿಗೆ ಬಂದವನು ಮಕ್ಕಳ ಓದು ಅಂತ ಇಲ್ಲೇ ಉಳಿದೆ. ನಿವೃತ್ತಿಯಾದ ಮೇಲೆ ವರ್ಷಕ್ಕೆ ಒಂದೆರಡು ಸಲ ಒಬ್ಬನೇ ಒಂದು ಹೊಸ ಊರಿಗೆ ಹೋಗಿ, ಬೆಳಗಿನಿಂದ ರಾತ್ರಿವರೆಗೆ ತಿರುಗಿ ಬರುವ ಅಭ್ಯಾಸ ಮಾಡಿಕೊಂಡಿದ್ದೇನೆ. ಮನೆಯಾಕೆಗೆ ಮಂಡಿನೋವು. 'ಹಳೇ ಕಟ್ಟಡ ನೋಡೋಕೆ ನಾನು ಬರಲ್ಲ, ನೀವು ಹೋಗಿ ಬನ್ನಿ' ಅನ್ನುತ್ತಾಳೆ. ಒಬ್ಬನೇ ತಿರುಗುವುದರಲ್ಲಿ ಒಂದು ಅನುಕೂಲ ಇದೆ. ಒಂದು ಗೋಡೆಯ ಮುಂದೆ ಅರ್ಧ ಗಂಟೆ ನಿಂತರೂ 'ಹೊತ್ತಾಯ್ತು ನಡೀರಿ' ಅನ್ನುವವರು ಇರುವುದಿಲ್ಲ.

ಒಂದು ಫೆಬ್ರವರಿಯಲ್ಲಿ ಲಕ್ನೋ ಮೇಲ್ ಹತ್ತಿ ಬೆಳಿಗ್ಗೆ ಚಾರ್‌ಬಾಗ್ ನಿಲ್ದಾಣದಲ್ಲಿ ಇಳಿದೆ. ಹೊರಗೆ ಬಂದು ತಿರುಗಿ ನೋಡಿದರೆ ಅದು ರೈಲು ನಿಲ್ದಾಣವೋ ಅರಮನೆಯೋ ಅನ್ನಿಸುವಂತಿದೆ. ಸಾಲು ಸಾಲು ಗುಮ್ಮಟ, ಮಿನಾರು. ಈ ಊರಿನಲ್ಲೇ 1916ರ ಕಾಂಗ್ರೆಸ್ ಅಧಿವೇಶನದ ವೇಳೆ ಗಾಂಧಿ ಮತ್ತು ನೆಹರೂ ಮೊದಲ ಸಲ ಭೇಟಿಯಾದದ್ದು. ಚಹಾ ಕುಡಿದು ಹಳೆಯ ಚೌಕದ ಕಡೆ ಆಟೋ ಹಿಡಿದೆ. ಡ್ರೈವರ್ ನನ್ನ ಹಿಂದಿ ಕೇಳಿ 'ಮದ್ರಾಸಿಂದ ಬಂದಿದೀರಾ?' ಅಂದ. ಮೂವತ್ತು ವರ್ಷ ಆದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. 'ಇಲ್ಲ, ಮೈಸೂರು' ಅಂದೆ. 'ಓ, ಟೀಪೂ ಸುಲ್ತಾನ್' ಅಂದ. ಮುಂದೆ ಅದೇ ದಿನ ಆ ಹೆಸರು ಎರಡು ಸಲ ಎದುರಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಚೌಕದಲ್ಲಿ ಚಳಿಗಾಲದ ಬೆಳಿಗ್ಗೆ ಮಾತ್ರ ಸಿಗುವ ಮಖನ್ ಮಲಾಯಿ ತಿಂದೆ. ಹಾಲಿನ ನೊರೆ, ಕೇಸರಿ, ಸಕ್ಕರೆ. ಬಾಯಿಗಿಟ್ಟರೆ ಇತ್ತೋ ಇಲ್ಲವೋ ಅನ್ನುವ ಹಾಗೆ ಕರಗುತ್ತದೆ. ಬಿಸಿಲು ಏರಿದರೆ ಇದೂ ಇಲ್ಲ, ಮಾರುವವನೂ ಇಲ್ಲ.

ಅಲ್ಲಿಂದ ಬಡಾ ಇಮಾಂಬಾಡಾ. ಇಮಾಂಬಾಡಾ ಅಂದರೆ ಮಸೀದಿ ಅಲ್ಲ, ಅರಮನೆಯೂ ಅಲ್ಲ. ಮೊಹರಂ ದಿನಗಳಲ್ಲಿ ಕರ್ಬಲಾದ ಹುತಾತ್ಮರಿಗಾಗಿ ಶೋಕ ಆಚರಿಸುವ ಸಭಾಂಗಣ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಂ ಎನ್ನದೆ ಸೇರಿ ಅಲಾಯಿ ದೇವರು ಕೂರಿಸಿ, ಕೆಂಡದ ಸುತ್ತ ಕುಣಿಯುವುದನ್ನು ನೋಡಿದವರಿಗೆ ಇದರ ಮೂಲ ಭಾವ ಹೇಳಿಕೊಡಬೇಕಾಗಿಲ್ಲ. ಅವಧ್‌ನ ನವಾಬರು ಶಿಯಾಗಳು. 1775ರಲ್ಲಿ ರಾಜಧಾನಿಯನ್ನು ಫೈಜಾಬಾದಿನಿಂದ ಲಕ್ನೋಕ್ಕೆ ತಂದ ನವಾಬ ಆಸಫುದ್ದೌಲ 1784ರಲ್ಲಿ ಇದನ್ನು ಕಟ್ಟಿಸಲು ಶುರುಮಾಡಿದ. ವಿನ್ಯಾಸ ಕಿಫಾಯತುಲ್ಲಾ ಎಂಬುವನದು. ನಡುವಿನ ಹಜಾರ ಸುಮಾರು 50 ಮೀಟರ್ ಉದ್ದ, 16 ಮೀಟರ್ ಅಗಲ, 15 ಮೀಟರ್ ಎತ್ತರ. ಮೇಲಿನ ಅಷ್ಟು ದೊಡ್ಡ ಕಮಾನು ಚಾವಣಿಗೆ ಒಂದು ತೊಲೆ ಇಲ್ಲ, ಒಂದು ಕಂಬ ಇಲ್ಲ. ಇಟ್ಟಿಗೆ ಮತ್ತು ಗಾರೆ, ಅಷ್ಟೇ. ಮೇಲಿನ ಭಾರ ಹಂಚಿಹೋಗಲಿ ಅಂತ ಸುತ್ತ ಹೆಣೆದ ಓಣಿಗಳೇ 'ಭೂಲ್‌ಭುಲಯ್ಯಾ' ಎಂಬ ಚಕ್ರವ್ಯೂಹ. ಗೈಡ್ ಆ ತುದಿಯಲ್ಲಿ ನಿಂತು ಒಂದು ಬೆಂಕಿಕಡ್ಡಿ ಗೀರಿದ. ಈ ತುದಿಯಲ್ಲಿ ನನ್ನ ಕಿವಿಯ ಹತ್ತಿರವೇ ಗೀರಿದ ಹಾಗೆ ಕೇಳಿಸಿತು. ಬಿಜಾಪುರದ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ನೆನಪಾಯಿತು. ಆದರೆ ಅದು ಸುಲ್ತಾನನೊಬ್ಬನ ಗೋರಿಗೆ ಕಟ್ಟಿದ್ದು. ಇದನ್ನು ಕಟ್ಟಿದ ಕಾರಣ ಬೇರೆ.

ಆ ವರ್ಷ ಅವಧ್‌ನಲ್ಲಿ ಘೋರ ಬರ. ಜನಕ್ಕೆ ಕೂಲಿ ಕೊಡಬೇಕು, ಕಾಳು ಕೊಡಬೇಕು. ಆ ಬರ ಪರಿಹಾರದ ಕಾಮಗಾರಿಯೇ ಈ ಇಮಾಂಬಾಡಾ. ಹಗಲು ಬಡವರು ಕಟ್ಟುತ್ತಿದ್ದರು, ರಾತ್ರಿ ಮಾನವಂತ ಮನೆತನದವರು, ಗುರುತು ಸಿಗದ ಕತ್ತಲಲ್ಲಿ, ಸ್ವಲ್ಪ ಕೆಡವುತ್ತಿದ್ದರು, ಇಬ್ಬರಿಗೂ ಕೂಲಿ ಸಿಗುತ್ತಿತ್ತು ಎಂಬ ಕತೆಯನ್ನು ಎಲ್ಲ ಗೈಡ್‌ಗಳೂ ಹೇಳುತ್ತಾರೆ. ದೇವರು ಕೊಡದವನಿಗೂ ಆಸಫುದ್ದೌಲ ಕೊಡುತ್ತಾನೆ ಎಂಬ ಅರ್ಥದ ಗಾದೆ ಈಗಲೂ ಊರಲ್ಲಿ ಇದೆ. ಕತೆ ಕತೆಯೇ ಇರಲಿ. ಅದರ ಹಿಂದಿನ ಲೆಕ್ಕಾಚಾರ ನಮಗೆ ಹೊಸದಲ್ಲ. ಇದಾಗಿ ಸುಮಾರು ತೊಂಬತ್ತು ವರ್ಷಕ್ಕೆ, 1876-78ರಲ್ಲಿ, ಮೈಸೂರು ಸೀಮೆಗೆ ಧಾತು ಈಶ್ವರ ಬರ ಬಂತು. ಬೆಂಗಳೂರಿನಿಂದ ಮೈಸೂರಿಗೆ ಹಾಕಿದ ಮೊದಲ ರೈಲು ಹಳಿಯ ಕೆಲಸ ಶುರುವಾದದ್ದು ಆ ಬರದ ಪರಿಹಾರ ಕಾಮಗಾರಿಯಾಗಿ. ಹಾಗಾಗಿ ಚನ್ನಪಟ್ಟಣ, ಮಂಡ್ಯದ ಮೇಲೆ ರೈಲಿನಲ್ಲಿ ಹೋಗುವ ನಾವೂ ಒಂದು ಬರದ ಕೂಲಿಯ ಮೇಲೇ ಹೋಗುತ್ತಿದ್ದೇವೆ.

ಇಮಾಂಬಾಡಾದಿಂದ ಹೊರಬಂದರೆ ರೂಮಿ ದರವಾಜಾ. ಅದೇ ಬರದ ಕಾಲದ್ದು, ಸುಮಾರು 60 ಅಡಿ ಎತ್ತರ. ಅದರ ಆಚೆ ಹುಸೇನಾಬಾದ್. ಅಲ್ಲಿ 221 ಅಡಿ ಎತ್ತರದ ಕೆಂಪು ಗಡಿಯಾರ ಗೋಪುರ ಇದೆ. 1881ರಲ್ಲಿ ಬ್ರಿಟಿಷ್ ಲೆಫ್ಟಿನೆಂಟ್ ಗವರ್ನರನೊಬ್ಬನ ಸ್ವಾಗತಕ್ಕೆ ಕಟ್ಟಿದ್ದು ಅನ್ನುತ್ತಾರೆ. 1881 ಅನ್ನುವ ಇಸವಿಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಈ ಹುಸೇನಾಬಾದಿನ ಸುತ್ತಮುತ್ತಲ ಮನೆಗಳಲ್ಲಿ ನವಾಬರ ವಂಶಸ್ಥರು, ಅವರ ಆಶ್ರಿತರ ವಂಶಸ್ಥರು ಈಗಲೂ ಇದ್ದಾರೆ. ಅವರಲ್ಲಿ ಹಲವರಿಗೆ 'ವಸೀಕಾ' ಬರುತ್ತದೆ. ವಸೀಕಾ ಅಂದರೆ ಬರವಣಿಗೆಯ ಕರಾರು. ಕರಾರಿನಿಂದ ಬರುವ ಪಿಂಚಣಿಗೂ ಅದೇ ಹೆಸರು. ಅದನ್ನು ಹಂಚಲು ಲಕ್ನೋದಲ್ಲಿ ಒಂದು ಸರ್ಕಾರಿ ಕಚೇರಿಯೇ ಇದೆ. ಬ್ಯಾಂಕಿನವನಿಗೆ ಮ್ಯೂಸಿಯಮ್ಮಿಗಿಂತ ಇಂಥದ್ದರಲ್ಲಿ ಆಸಕ್ತಿ ಜಾಸ್ತಿ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನವಾಬ ಗಾಜಿಉದ್ದೀನ್ ಹೈದರ್ 1814ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ನೇಪಾಳ ಯುದ್ಧದ ಖರ್ಚಿಗೆ ಒಂದು ಕೋಟಿ ರೂಪಾಯಿ ಸಾಲ ಕೊಟ್ಟ. 1815ರಲ್ಲಿ ಇನ್ನೊಂದು ಕೋಟಿ. ಎರಡನೇ ಕೋಟಿಗೆ ಬದಲಾಗಿ ಕಂಪನಿ 1816ರಲ್ಲಿ ನೇಪಾಳದಿಂದ ಕಿತ್ತುಕೊಂಡ ತರಾಯಿಯ ನೆಲವನ್ನು ಕೊಟ್ಟು ಚುಕ್ತಾ ಮಾಡಿಕೊಂಡಿತು. 1819ರಲ್ಲಿ ಅವನಿಗೆ 'ರಾಜ' ಎಂಬ ಬಿರುದು ಸಿಕ್ಕಿತು. ಬರ್ಮಾ ಯುದ್ಧ ಬಂದಾಗ, 1825ರಲ್ಲಿ, ಮತ್ತೆ ಒಂದು ಕೋಟಿ. ಈ ಸಾಲದ ಷರತ್ತು ವಿಶೇಷ. ಅಸಲನ್ನು ಕಂಪನಿ ಎಂದಿಗೂ ವಾಪಸು ಕೊಡಬೇಕಾಗಿಲ್ಲ. ಶೇಕಡ 5ರ ಬಡ್ಡಿಯನ್ನು, ಅಂದರೆ ವರ್ಷಕ್ಕೆ 5 ಲಕ್ಷವನ್ನು, ನವಾಬ ಹೆಸರಿಸಿದವರಿಗೆ ಮತ್ತು ಅವರ ಸಂತತಿಗೆ ಶಾಶ್ವತವಾಗಿ ಕೊಡುತ್ತಾ ಹೋಗಬೇಕು. ಕೆಲವರ ಪಾಲು ಅವರ ನಂತರ ಇರಾಕಿನ ನಜಫ್ ಮತ್ತು ಕರ್ಬಲಾಕ್ಕೆ ಹೋಗಬೇಕು. ಹೋಯಿತು ಕೂಡ.

ಕಂಪನಿ 1858ರಲ್ಲಿ ಅಧಿಕಾರ ಬಿಟ್ಟಿತು. ರಾಣಿಯ ಸರ್ಕಾರ ಬಂತು, ಅದೂ 1947ರಲ್ಲಿ ಹೋಯಿತು. ನಮ್ಮ ಸರ್ಕಾರ ಬಂತು. ಬಡ್ಡಿ ಮಾತ್ರ ನಿಲ್ಲಲಿಲ್ಲ. ಆದರೆ ಏನಾಯಿತು? ತಿಂಗಳಿಗೆ 100 ರೂಪಾಯಿ ವಸೀಕಾ ಇದ್ದವನಿಗೆ ನಾಲ್ಕು ಮಕ್ಕಳು ಅಂದುಕೊಳ್ಳಿ. ಅವರಿಗೆ ನಾಲ್ಕು, ಅವರ ಮಕ್ಕಳಿಗೆ ನಾಲ್ಕು. ಐದನೇ ತಲೆಮಾರಿಗೆ 1024 ಜನ ವಾರಸುದಾರರು. ಒಬ್ಬೊಬ್ಬನ ಪಾಲಿಗೆ ಹತ್ತು ಪೈಸೆಗೂ ಕಡಿಮೆ. ಈಗ ಕೆಲವರಿಗೆ ಬರುವುದು ತಿಂಗಳಿಗೆ ಒಂದೆರಡು ರೂಪಾಯಿ. ಆಟೋಗೆ ಕೊಡುವ ದುಡ್ಡೂ ಹುಟ್ಟುವುದಿಲ್ಲ. ಆದರೂ ವರ್ಷದ ಬಾಕಿ ಒಟ್ಟಿಗೆ ಸೇರಿಸಿಕೊಂಡು ಬಂದು, ಸಹಿ ಮಾಡಿ ತೆಗೆದುಕೊಂಡು ಹೋಗುತ್ತಾರೆ. ಯಾಕೆ ಅಂತ ಅಲ್ಲಿ ಒಬ್ಬ ವಯಸ್ಸಾದ ಅಂಗಡಿಯವರನ್ನು ಕೇಳಿದೆ. 'ಸಾಹೇಬರೇ, ಅದು ದುಡ್ಡಲ್ಲ, ನಾವು ಯಾರು ಅನ್ನೋದರ ಕಾಗದ' ಅಂದರು. ಖಾತೆಯಲ್ಲಿ ಬರೀ ಐವತ್ತು ರೂಪಾಯಿ ಇಟ್ಟು ಪಾಸ್‌ಬುಕ್ಕನ್ನು ಮಾತ್ರ ಜೋಪಾನ ಮಾಡುತ್ತಿದ್ದ ಹಳ್ಳಿಯ ಗಿರಾಕಿಗಳನ್ನು ಸರ್ವೀಸಿನಲ್ಲಿ ನಾನೂ ನೋಡಿದ್ದೇನೆ.

ಈ ಸಾಲದ ಕತೆಗೆ ಇನ್ನೊಂದು ಮುಖ ಇದೆ. 1801ರಲ್ಲಿ ಕಂಪನಿ ತನ್ನ ಸೈನ್ಯದ ಖರ್ಚಿನ ಬಾಬತ್ತು ಅಂತ ಅವಧ್ ರಾಜ್ಯದ ಅರ್ಧ ಭಾಗವನ್ನು ಬರೆಸಿಕೊಂಡಿತ್ತು. ವರ್ಷಕ್ಕೆ ಸುಮಾರು 1 ಕೋಟಿ 35 ಲಕ್ಷ ಕಂದಾಯದ ನೆಲ. ಉಳಿದರ್ಧದ ಖಜಾನೆಯಿಂದ ಕೋಟಿ ಕೋಟಿ ಸಾಲ ಎತ್ತಿತು. ಆಮೇಲೆ 1856ರ ಫೆಬ್ರವರಿ 7ರಂದು, ಆಡಳಿತ ಸರಿ ಇಲ್ಲ ಅಂತ ಹೇಳಿ, ಉಳಿದರ್ಧವನ್ನೂ ತೆಗೆದುಕೊಂಡಿತು. ನನ್ನ ಸರ್ವೀಸಿನಲ್ಲಿ ಸಾಲ ತೀರಿಸದವರ ಮನೆ ಜಪ್ತಿ ಆದದ್ದು ಕಂಡಿದ್ದೇನೆ. ಸಾಲಗಾರನೇ ಸಾಲ ಕೊಟ್ಟವನ ಮನೆ ಜಪ್ತಿ ಮಾಡಿದ ಪ್ರಕರಣ ಇದೊಂದೇ.

ಅಲ್ಲಿಂದ ರೆಸಿಡೆನ್ಸಿಗೆ ಹೋದೆ. ಇಮಾಂಬಾಡಾದಿಂದ ಎರಡು ಮೈಲಿಗೂ ಕಡಿಮೆ. ಬ್ರಿಟಿಷ್ ರೆಸಿಡೆಂಟ್ ವಾಸಕ್ಕೆಂದು ನವಾಬರೇ ಕಟ್ಟಿಸಿಕೊಟ್ಟ ಕಟ್ಟಡಗಳ ಗುಂಪು. 1857ರಲ್ಲಿ ಗುಂಡು ಬಿದ್ದು ಹೇಗೆ ಒಡೆದು ನಿಂತವೋ ಹಾಗೇ ಇಟ್ಟಿದ್ದಾರೆ. ಗೋಡೆಗಳ ತುಂಬ ಫಿರಂಗಿ ಗುಂಡಿನ ತೂತುಗಳು. ಈಗ ಸುತ್ತ ಹುಲ್ಲುಹಾಸು, ಹೂವು, ಮರದಡಿ ಕಾಲೇಜಿನ ಜೋಡಿಗಳು. ಒಳಗೆ ಹೋಗುತ್ತಲೇ ಸಿಗುವುದು ಬೇಲಿ ಗಾರ್ಡ್ ಬಾಗಿಲು, ಅದರ ಹತ್ತಿರ ಖಜಾನೆ ಕಟ್ಟಡ. ಮುತ್ತಿಗೆಯ ಕಾಲದಲ್ಲಿ ಖಜಾನೆಯಲ್ಲಿ ತೋಟಾ ತಯಾರಿಸುತ್ತಿದ್ದರಂತೆ. ಅಲ್ಲಿದ್ದ ಸುಮಾರು 23 ಲಕ್ಷ ರೂಪಾಯಿ ನಗದನ್ನು ಚೀಫ್ ಕಮಿಷನರ್ ಹೆನ್ರಿ ಲಾರೆನ್ಸ್ ನೆಲದಲ್ಲಿ ಹೂಳಿಸಿದ್ದ. ಆ ನೆಲದ ಮೇಲೆ ನಿಂತು, ರಾತ್ರಿ ಎಂಟಾದರೂ ಕ್ಯಾಷ್ ಟ್ಯಾಲಿ ಆಗದೆ ಕೂತಿದ್ದ ದಿನಗಳು ನೆನಪಾಗಿ ನಗು ಬಂತು.

1857ರ ಜೂನ್ 30ರಂದು ಚಿನ್‌ಹಟ್ ಎಂಬಲ್ಲಿ ಬ್ರಿಟಿಷರು ಸೋತು ಓಡಿಬಂದು ಇಲ್ಲಿ ಸೇರಿಕೊಂಡರು. ಹೆಂಗಸರು, ಮಕ್ಕಳು, ಅವರ ಪರ ನಿಂತ ನಮ್ಮವರೇ ಸಿಪಾಯಿಗಳು, ಎಲ್ಲ ಸೇರಿ ಸುಮಾರು 3000 ಜನ. ಜುಲೈ 2ರಂದು ಗುಂಡು ತಗುಲಿ ಲಾರೆನ್ಸ್ ಗಾಯಗೊಂಡ, 4ರಂದು ಸತ್ತ. ಸೆಪ್ಟೆಂಬರ್ 25ಕ್ಕೆ ಹ್ಯಾವ್‌ಲಾಕ್ ಮತ್ತು ಔಟ್ರಮ್ ನುಗ್ಗಿ ಬಂದರು, ಅವರೂ ಒಳಗೇ ಸಿಕ್ಕಿಬಿದ್ದರು. ನವೆಂಬರ್ 17ಕ್ಕೆ ಕಾಲಿನ್ ಕ್ಯಾಂಪ್‌ಬೆಲ್ ಬಂದ ಮೇಲೆ ಎಲ್ಲರೂ ಜಾಗ ಖಾಲಿ ಮಾಡಿದರು. ಇದರ ನೆನಪಿಗೆ ಬ್ರಿಟಿಷರು 1947ರ ಆಗಸ್ಟ್‌ವರೆಗೂ ಇಲ್ಲಿ ತಮ್ಮ ಬಾವುಟವನ್ನು ಹಗಲು ರಾತ್ರಿ ಇಳಿಸದೆ ಹಾರಿಸಿದರು.

ಲಾರೆನ್ಸನ ಸಮಾಧಿ ಅಲ್ಲೇ ಇದೆ. ಕರ್ತವ್ಯ ಮಾಡಲು ಪ್ರಯತ್ನಪಟ್ಟವನು ಅಂತ ಅದರ ಮೇಲೆ ಬರೆದಿದೆ. ಅದರ ಮುಂದೆ ನಾನು ಬಹಳ ಹೊತ್ತು ನಿಂತೆ. ಯಾಕೆಂದರೆ ಇದೇ ಮನುಷ್ಯ 1845ರಲ್ಲಿ ಅವಧ್ ಬಗ್ಗೆ ಒಂದು ಲೇಖನ ಬರೆದಿದ್ದ. ಆಡಳಿತ ಕೆಟ್ಟಿದ್ದರೆ ನಾವು ನೋಡಿಕೊಳ್ಳೋಣ, ಆದರೆ ಅಲ್ಲಿಯ ಜನರಿಗಾಗಿ ನೋಡಿಕೊಳ್ಳೋಣ, ಅಲ್ಲಿಯ ಒಂದು ರೂಪಾಯಿಯೂ ಕಂಪನಿಯ ಖಜಾನೆಗೆ ಬರಕೂಡದು ಎಂಬುದು ಅದರ ತಾತ್ಪರ್ಯ. 1849ರಿಂದ ಇಲ್ಲಿ ರೆಸಿಡೆಂಟ್ ಆಗಿದ್ದ ಸ್ಲೀಮನ್ ಕೂಡ ರಾಜ್ಯವನ್ನು ನುಂಗಬಾರದು ಅಂತಲೇ ಹೇಳಿದ್ದ. ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಆ ಮಾತು ನಡೆಯಲಿಲ್ಲ. ನವಾಬ ವಾಜಿದ್ ಅಲಿ ಶಾಗೆ ವರ್ಷಕ್ಕೆ 12 ಲಕ್ಷ ಪಿಂಚಣಿ ಕೊಡುತ್ತೇವೆ, ಸಹಿ ಹಾಕು ಅಂದರು. ಅವನು ಸಹಿ ಹಾಕದೆ ತಲೆಯ ಮುಂಡಾಸು ತೆಗೆದು ಔಟ್ರಮ್ ಕೈಯಲ್ಲಿಟ್ಟ. ಕಲ್ಕತ್ತಾದ ಮಟಿಯಾಬುರ್ಜ್‌ನಲ್ಲಿ ಮನೆ ಮಾಡಿಕೊಂಡು 1887ರಲ್ಲಿ ತೀರಿಕೊಂಡ. ತನ್ನ ಊರನ್ನು ಮತ್ತೆ ನೋಡಲಿಲ್ಲ.

ಈಗ ಮೈಸೂರಿಗೆ ಬರುತ್ತೇನೆ. ಎರಡು ಲೆಡ್ಜರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1792ರಲ್ಲಿ ಟಿಪ್ಪು ಯುದ್ಧ ಮಾಡಿ ಸೋತು ಅರ್ಧ ರಾಜ್ಯ ಕೊಟ್ಟ, ಜತೆಗೆ 3 ಕೋಟಿ 30 ಲಕ್ಷ ದಂಡ, ಇಬ್ಬರು ಮಕ್ಕಳು ಒತ್ತೆ. 1801ರಲ್ಲಿ ಅವಧ್‌ನ ನವಾಬ ಯುದ್ಧವನ್ನೇ ಮಾಡದೆ ಅರ್ಧ ರಾಜ್ಯ ಕೊಟ್ಟ. ಕಾದಾಡಿದವನಿಗೂ ಕೈಮುಗಿದವನಿಗೂ ಬಿದ್ದ ಬಿಲ್ಲು ಹೆಚ್ಚುಕಮ್ಮಿ ಒಂದೇ. 1799ರಲ್ಲಿ ಮೈಸೂರನ್ನು ಒಡೆಯರಿಗೆ ಕೊಟ್ಟಾಗ ವರ್ಷಕ್ಕೆ 7 ಲಕ್ಷ ವರಹ ಕಪ್ಪ ಮತ್ತು ಬೇಕಾದರೆ ಆಡಳಿತ ವಾಪಸು ತೆಗೆದುಕೊಳ್ಳುವ ಕಲಮು ಬರೆಸಿಕೊಂಡರು. ನಗರದ ರೈತರ ದಂಗೆಯ ನಂತರ 1831ರಲ್ಲಿ ಆ ಕಲಮನ್ನು ಉಪಯೋಗಿಸಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡರು. ಅಲ್ಲೂ ಅದೇ ಕಾರಣ, ಆಡಳಿತ ಸರಿ ಇಲ್ಲ. ಅವಧ್‌ಗೂ ನಮಗೂ ಇದ್ದ ವ್ಯತ್ಯಾಸ ಒಂದೇ. ನಮ್ಮ ರಾಜರು ಹೆಸರಿಗೆ ಉಳಿದರು, ರಾಜ್ಯದ ಹೆಸರೂ ಉಳಿಯಿತು.

ಉಳಿಯುತ್ತಿತ್ತು ಎಂಬ ಭರವಸೆ ಇರಲಿಲ್ಲ. ಅವಧ್ ನುಂಗಿದ 1856ರಲ್ಲೇ ಡಾಲ್‌ಹೌಸಿ ಮೈಸೂರಿನ ಬಗ್ಗೆಯೂ ಬರೆದಿಟ್ಟಿದ್ದ. ಈಗಿನ ರಾಜನಿಗೆ ಮಕ್ಕಳಿಲ್ಲ, ಅವನು ಸತ್ತ ಮೇಲೆ ಮೈಸೂರು ಸರ್ಕಾರಕ್ಕೆ ಸೇರುತ್ತದೆ ಎಂದು ನಂಬಿದ್ದೇನೆ ಎಂಬ ಅರ್ಥದಲ್ಲಿ. ಅಂದರೆ ಫೈಲು ತಯಾರಿತ್ತು, ಸಹಿ ಬಾಕಿ. ಅಷ್ಟರಲ್ಲಿ 1857 ಬಂತು. ಬಂಗಾಳ ಸೈನ್ಯದ ಸಿಪಾಯಿಗಳಲ್ಲಿ ದೊಡ್ಡ ಪಾಲು ಅವಧ್‌ನ ಹಳ್ಳಿಗಳವರು. ತಮ್ಮ ರಾಜ್ಯ ಹೋದ ಮರುವರ್ಷವೇ ಅವರು ತಿರುಗಿ ಬಿದ್ದರು. ಆ ಪೆಟ್ಟು ತಿಂದ ಮೇಲೆ, 1858ರ ನವೆಂಬರ್ 1ರ ಘೋಷಣೆಯಲ್ಲಿ, ಇನ್ನು ದೇಶೀ ಸಂಸ್ಥಾನಗಳನ್ನು ನುಂಗುವುದಿಲ್ಲ ಅಂತ ವಿಕ್ಟೋರಿಯಾ ರಾಣಿ ಮಾತು ಕೊಟ್ಟಳು. 1865ರಲ್ಲಿ ಮುಮ್ಮಡಿಯವರು ದತ್ತು ತೆಗೆದುಕೊಂಡಾಗ ವೈಸರಾಯ್ ಆಗಿದ್ದವನು ಈ ಸಮಾಧಿಯಲ್ಲಿರುವ ಹೆನ್ರಿಯ ತಮ್ಮ ಜಾನ್ ಲಾರೆನ್ಸ್. ಅವನ ಸರ್ಕಾರ ಮೊದಲು ಒಪ್ಪಲಿಲ್ಲ. ಆದರೆ ಲಂಡನ್ನಿನಲ್ಲಿ ಗಾಳಿ ಬದಲಾಗಿತ್ತು. 1867ರಲ್ಲಿ ಒಪ್ಪಿಗೆ ಬಂತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಮೈಸೂರು ವಾಪಸು ಬಂತು. ಕಪ್ಪ ಮಾತ್ರ ಇಪ್ಪತ್ತನಾಲ್ಕೂವರೆ ಲಕ್ಷ ಇದ್ದದ್ದನ್ನು 35 ಲಕ್ಷ ಅಂತ ಗೊತ್ತುಮಾಡಿದರು. ಕಂಪನಿ ಹೋದರೂ ಬುದ್ಧಿ ಹೋಗಿರಲಿಲ್ಲ.

ಮೇಲೆ ಹೇಳಿದ ಗಡಿಯಾರ ಗೋಪುರದ ಇಸವಿ ಈಗ ನೆನಪಿಸಿಕೊಳ್ಳಿ. ಮೈಸೂರಿಗೆ ತನ್ನ ರಾಜ ವಾಪಸು ಬಂದ ವರ್ಷ ಲಕ್ನೋ ತನ್ನ ಬಿಳಿಯ ಅಧಿಕಾರಿಯ ಸ್ವಾಗತಕ್ಕೆ ಗೋಪುರ ಕಟ್ಟುತ್ತಿತ್ತು. ಮೈಸೂರು ಉಳಿಯಲು ಮುಮ್ಮಡಿಯವರ ತಾಳ್ಮೆ, ಅರ್ಜಿಗಳು ಎಲ್ಲವೂ ಕಾರಣ, ಇಲ್ಲ ಅನ್ನುವುದಿಲ್ಲ. ಆದರೆ ಅವಧ್‌ನ ಜನ ಕೊಟ್ಟ ಬೆಲೆಯನ್ನು ನಮ್ಮ ಲೆಕ್ಕದಲ್ಲಿ ಜಮಾ ಮಾಡಿಕೊಂಡು ಖರ್ಚಿನ ಕಾಲಂ ಖಾಲಿ ಬಿಟ್ಟಿದ್ದೇವೆ ಅಂತ ನನಗೆ ಅನ್ನಿಸುತ್ತದೆ. ಆ ವಾಪಸು ಬರದಿದ್ದರೆ ರಂಗಾಚಾರ್ಲು ಇಲ್ಲ, ಪ್ರಜಾಪ್ರತಿನಿಧಿ ಸಭೆ ಇಲ್ಲ, ಶೇಷಾದ್ರಿ ಅಯ್ಯರ್ ಇಲ್ಲ, ದಿವಾನ್ ವಿಶ್ವೇಶ್ವರಯ್ಯನವರಿಲ್ಲ. ಅವರ ಕಾಲದಲ್ಲಿ 1913ರಲ್ಲಿ ಶುರುವಾದ ಮೈಸೂರು ಬ್ಯಾಂಕೂ ಇಲ್ಲ. ನಾನು ಮೂವತ್ತೈದು ವರ್ಷ ಉಂಡ ಅನ್ನದ ಋಣದ ಎಳೆಯೊಂದು ಈ ಗುಂಡು ಬಿದ್ದ ಗೋಡೆಗಳಿಗೂ ಬಂದು ಮುಟ್ಟುತ್ತದೆ.

ರೆಸಿಡೆನ್ಸಿಯ ಎದುರಿಗೆ ಗೋಮತಿ ದಡದಲ್ಲಿ 1957ರ ಶಹೀದ್ ಸ್ಮಾರಕ ಇದೆ. ಸ್ವಲ್ಪ ದೂರದಲ್ಲಿ ಬೇಗಂ ಹಜರತ್ ಮಹಲ್ ಪಾರ್ಕು. ಮೊದಲು ಅದು ವಿಕ್ಟೋರಿಯಾ ಪಾರ್ಕ್ ಆಗಿತ್ತು, 1962ರಲ್ಲಿ ಹೆಸರು ಬದಲಾಯಿತು. ಹಜರತ್ ಮಹಲ್ ವಾಜಿದ್ ಅಲಿ ಶಾನ ಪತ್ನಿಯರಲ್ಲಿ ಒಬ್ಬಳು. ಗಂಡ ಕಲ್ಕತ್ತಾಕ್ಕೆ ಹೋದರೂ ಇವಳು ಇಲ್ಲೇ ನಿಂತು, ಮಗ ಬಿರ್ಜಿಸ್ ಕದ್ರ್‌ನನ್ನು ಪಟ್ಟಕ್ಕೆ ಕೂರಿಸಿ, ಹೋರಾಟ ನಡೆಸಿದಳು. ವಿಕ್ಟೋರಿಯಾ ಘೋಷಣೆ ಹೊರಬಿದ್ದ ಮೇಲೆ ಅದಕ್ಕೆ ಇವಳದೊಂದು ಎದುರು ಘೋಷಣೆ ಬಂತು. ಇವರ ಮಾತು ನಂಬಬೇಡಿ, ಹಿಂದೆ ಯಾರು ಯಾರಿಗೆ ಮಾತು ಕೊಟ್ಟು ತಪ್ಪಿದ್ದಾರೆ ನೋಡಿ ಅಂತ ಅದರಲ್ಲಿ ಪಟ್ಟಿ ಕೊಟ್ಟಿದ್ದಾಳೆ. ಭರತಪುರ, ಲಾಹೋರ್, ಪುಣೆಯ ಪೇಶ್ವೆ, ಕಾಶಿಯ ರಾಜ. ಆ ಪಟ್ಟಿಯಲ್ಲಿ ಟಿಪ್ಪು ಸುಲ್ತಾನನ ಹೆಸರೂ ಇದೆ. ಲಕ್ನೋದ ಹೆಣ್ಣುಮಗಳೊಬ್ಬಳು ಶ್ರೀರಂಗಪಟ್ಟಣದ ಲೆಕ್ಕವನ್ನು ಆರು ದಶಕದ ನಂತರವೂ ಇಟ್ಟುಕೊಂಡಿದ್ದಳು. ನಾವು ಅವಳ ಲೆಕ್ಕ ಇಟ್ಟಿಲ್ಲ. ಅವಳು ಕೊನೆಗೂ ಶರಣಾಗದೆ ನೇಪಾಳಕ್ಕೆ ಹೋಗಿ 1879ರಲ್ಲಿ ಕಾಠ್ಮಂಡುವಿನಲ್ಲಿ ಸತ್ತಳು.

ಅಲ್ಲಿಂದ ಸಿಕಂದರ್ ಬಾಗ್. ಈಗ ಪಕ್ಕದಲ್ಲಿ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆ ಇದೆ. ಹಳೆಯದರಲ್ಲಿ ಉಳಿದಿರುವುದು ಜೋಡಿ ಮೀನಿನ ಲಾಂಛನದ ಹೆಬ್ಬಾಗಿಲು, ಒಂದಿಷ್ಟು ಗೋಡೆ. 1857ರ ನವೆಂಬರ್ 16ರಂದು ಈ ಗೋಡೆಗಳ ಒಳಗೆ ಸುಮಾರು 2000 ಸಿಪಾಯಿಗಳನ್ನು ಕೊಂದರು. ಮರ ಹತ್ತಿ ಗುಂಡು ಹಾರಿಸಿದ ಊದಾ ದೇವಿಯ ಪ್ರತಿಮೆ ಇಲ್ಲಿದೆ. ಅದೇ ನವೆಂಬರಿನ ಕೊನೆಗೆ ನಮ್ಮ ಮುಧೋಳದ ಹತ್ತಿರದ ಹಲಗಲಿಯಲ್ಲಿ, ಆಯುಧ ಒಪ್ಪಿಸುವುದಿಲ್ಲ ಅಂದ ಬೇಡರ ಊರನ್ನೇ ಸುಟ್ಟರು. ಲಾವಣಿ ಹಾಡುವವರು ಇದ್ದದ್ದರಿಂದ ಹಲಗಲಿ ನಮಗೆ ನೆನಪಿದೆ. ಎರಡೂ ಊರಿನವರಿಗೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಾಗುವ ದಾರಿ ಇರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಲಾ ಮಾರ್ಟಿನಿಯೆರ್ ಶಾಲೆ. ಕಟ್ಟಿಸಿದವನು ಕ್ಲಾಡ್ ಮಾರ್ಟಿನ್, ಫ್ರಾನ್ಸಿನ ಲಿಯೋನಿನವನು. ಫ್ರೆಂಚ್ ಸೈನ್ಯದಲ್ಲಿ ಸಾದಾ ಸಿಪಾಯಿಯಾಗಿ ಬಂದು, ಇಂಗ್ಲಿಷ್ ಕಂಪನಿಗೆ ಸೇರಿ, ಲಕ್ನೋದಲ್ಲಿ ನವಾಬನ ಶಸ್ತ್ರಾಗಾರ ನೋಡಿಕೊಳ್ಳುತ್ತಾ, ನವಾಬನಿಗೇ ಬಡ್ಡಿಗೆ ಸಾಲ ಕೊಡುತ್ತಾ ಕೋಟ್ಯಧೀಶನಾದ. 1800ರಲ್ಲಿ ಸತ್ತಾಗ ದುಡ್ಡನ್ನು ಲಕ್ನೋ, ಕಲ್ಕತ್ತಾ, ಲಿಯೋನ್ ಮೂರು ಊರಿನಲ್ಲಿ ಶಾಲೆಗೆ ಬರೆದಿಟ್ಟ. ಈ ಕಟ್ಟಡದ ನೆಲಮಾಳಿಗೆಯಲ್ಲೇ ಗೋರಿ ಮಾಡಿಸಿಕೊಂಡ. ಶಾಲೆ ಬಿಡುವ ಹೊತ್ತು, ಮಕ್ಕಳು ಬ್ಯಾಗು ಹೊತ್ತು ಓಡುತ್ತಿದ್ದವು. ಕಟ್ಟಡದ ಮುಂದೆ ಒಂದು ಕಂಚಿನ ಫಿರಂಗಿ ಇದೆ. ಮಾರ್ಟಿನ್ 1786ರಲ್ಲಿ ಲಕ್ನೋದಲ್ಲಿ ಎರಕ ಹೊಯ್ಯಿಸಿದ್ದು, ಅದರ ಹೆಸರು 'ಲಾರ್ಡ್ ಕಾರ್ನ್‌ವಾಲಿಸ್'. 1792ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದ ಮುತ್ತಿಗೆಗೆ ಇದನ್ನು ಬಳಸಿದ್ದರು. ಮಾರ್ಟಿನ್ ಕೂಡ ಆ ಯುದ್ಧಕ್ಕೆ ಬಂದಿದ್ದ.

ನನ್ನ ಅಜ್ಜಿಯ ತವರು ಶ್ರೀರಂಗಪಟ್ಟಣ. ಚಿಕ್ಕಂದಿನಲ್ಲಿ ಆ ಕೋಟೆ ಗೋಡೆಯ ಮೇಲೆ ಓಡಾಡಿದ್ದೇನೆ. ಆ ಗೋಡೆಯ ಕಡೆಗೆ ತಿರುಗಿಸಿದ್ದ ಬಾಯಿಯೊಂದನ್ನು, ಸಾವಿರಾರು ಕಿಲೋಮೀಟರ್ ದೂರದಲ್ಲಿ, ಒಬ್ಬನೇ ನಿಂತು ಕೈಯಿಂದ ಮುಟ್ಟಿ ನೋಡಿದೆ. ಬಿಸಿಲಿಗೆ ಕಾದಿತ್ತು. ಯಾರಿಗಾದರೂ ಹೇಳೋಣ ಅನ್ನಿಸಿತು. ಕನ್ನಡ ಬರುವವರು ಅಲ್ಲಿ ಯಾರಿದ್ದಾರೆ? ಮನೆಗೆ ಫೋನ್ ಮಾಡಿದೆ. 'ಊಟ ಮಾಡಿದ್ರಾ?' ಅಂತ ಕೇಳಿದಳು. ಪರ ಊರಿನಲ್ಲಿ ಒಬ್ಬನೇ ತಿರುಗುವುದರ ಅನುಕೂಲ ಮೇಲೆ ಹೇಳಿದೆ, ಅನಾನುಕೂಲ ಇದು.

ಸಂಜೆ ಹಜರತ್‌ಗಂಜಿನ ಇಂಡಿಯನ್ ಕಾಫಿ ಹೌಸಿನಲ್ಲಿ ಕೂತೆ. ಈ ಕಾಫಿ ಹೌಸುಗಳನ್ನು ಒಂದು ಕಾಲಕ್ಕೆ ನಮ್ಮ ಬೆಂಗಳೂರಿನ ಕಾಫಿ ಬೋರ್ಡ್ ನಡೆಸುತ್ತಿತ್ತು, 1950ರ ದಶಕದಲ್ಲಿ ಮುಚ್ಚಿದಾಗ ಕೆಲಸಗಾರರೇ ಸಹಕಾರ ಸಂಘ ಮಾಡಿಕೊಂಡು ನಡೆಸಿದರು. ಕಾಫಿ ಊರಿನಷ್ಟು ಚೆನ್ನಾಗಿರಲಿಲ್ಲ, ಆದರೆ ಕಾಫಿಯೇ. ಅಲ್ಲಿ ಕೂತು ಒಂದು ಕಾಗದದ ಮೇಲೆ ಇಸವಿಗಳನ್ನು ಬರೆದುಕೊಂಡೆ. ಫೈಜಾಬಾದಿನಲ್ಲಿ 1881ರಲ್ಲೇ ಅವಧ್ ಕಮರ್ಷಿಯಲ್ ಬ್ಯಾಂಕ್ ಶುರುವಾಯಿತು. ಪೂರ್ತಿ ಭಾರತೀಯರ ಒಡೆತನದ ಮೊದಲ ಲಿಮಿಟೆಡ್ ಬ್ಯಾಂಕ್ ಅದು ಅನ್ನುತ್ತಾರೆ. 1958ರಲ್ಲಿ ಮುಳುಗಿತು. ನಮ್ಮ ಕಡೆಯವು ಮುಳುಗಲಿಲ್ಲ, ಬೆರೆತುಹೋದವು. 2017ರಲ್ಲಿ ಮೈಸೂರು ಬ್ಯಾಂಕ್, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್. ಸೇರಿದ ಬ್ಯಾಂಕ್ ಒಂದು, ನಿವೃತ್ತನಾದ ಬ್ಯಾಂಕ್ ಇನ್ನೊಂದು ಅನ್ನುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ಗಿರಾಕಿಯ ಒಂದು ರೂಪಾಯಿಯೂ ಹೋಗಲಿಲ್ಲ, ನಮ್ಮ ಪಿಂಚಣಿಯೂ ತಿಂಗಳು ತಿಂಗಳು ಬರುತ್ತಿದೆ. ಅದಕ್ಕಿಂತ ಹೆಚ್ಚು ಇನ್ನೇನು ಬೇಕು ಅಂತ ಬುದ್ಧಿ ಕೇಳುತ್ತದೆ. ಆದರೂ ಬೆಂಗಳೂರಿಗೆ ಹೋದಾಗ ಬಸ್ಸಿನ ಕಂಡಕ್ಟರ್ 'ಮೈಸೂರು ಬ್ಯಾಂಕ್, ಮೈಸೂರು ಬ್ಯಾಂಕ್, ಇಳೀರಿ' ಅಂತ ಕೂಗಿದರೆ ನನಗೆ ಒಂಥರಾ ಆಗುತ್ತದೆ. ಎರಡು ರೂಪಾಯಿ ವಸೀಕಾಕ್ಕೆ ಸಹಿ ಮಾಡಲು ಬರುವವರ ಮನಸ್ಸು ನನಗೆ ಅರ್ಥವಾಗುವುದು ಹೀಗೆ.

ನಮ್ಮ ಕಡೆಯವರಿಗೆ ನನ್ನ ಸಲಹೆ ಇಷ್ಟೇ. ಮುಂದಿನ ಸಲ ಕಾಶಿಗೋ ಅಯೋಧ್ಯೆಗೋ ಹೊರಟರೆ ಒಂದು ದಿನ ಲಕ್ನೋದಲ್ಲಿ ಇಳಿಯಿರಿ. ಚಳಿಗಾಲವಾದರೆ ಒಳ್ಳೆಯದು. ಬೆಳಿಗ್ಗೆ ಇಮಾಂಬಾಡಾ, ಆಮೇಲೆ ರೆಸಿಡೆನ್ಸಿ, ಮಧ್ಯಾಹ್ನ ಲಾ ಮಾರ್ಟಿನಿಯೆರ್. ನಿಲ್ದಾಣದಿಂದ ಹಜರತ್‌ಗಂಜಿಗೆ ಈಗ ಮೆಟ್ರೋ ಇದೆ. ಶಾಲೆಯ ಒಳಗೆ ಹೋಗಲು ಬಾಗಿಲಲ್ಲಿ ಅನುಮತಿ ಕೇಳಬೇಕು, ಮರ್ಯಾದೆಯಿಂದ ಕೇಳಿದರೆ ಆಗುತ್ತದೆ. ಎಲ್ಲಿಂದ ಬಂದಿರಿ ಅಂತ ಕೇಳಿದರೆ ಮೈಸೂರು ಸೀಮೆ ಅನ್ನಿ. ಫಿರಂಗಿ ತೋರಿಸುತ್ತಾರೆ.